ಟೆಸ್ಟ್ ಆಟೊಮೇಷನ್ ಕೆಲಸದಲ್ಲಿ ಕಲಿಕೆ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬ್ರೌಸರ್ ಅನ್ನು ಕೋಡ್‌ನಿಂದ ನಡೆಸಿ ವೆಬ್ ಪುಟಗಳನ್ನು ಪರೀಕ್ಷಿಸುವ ಸಾಧನ ಸೆಲೆನಿಯಮ್. ಅದರ ಪೈಥಾನ್ ಲೈಬ್ರರಿಯ 4.3 ಆವೃತ್ತಿ ಬಂದದ್ದು 2022ರ ಜೂನ್‌ನಲ್ಲಿ. ಪುಟದ ಬಟನ್, ಬರಹದಂಥ ಭಾಗಗಳನ್ನು (ಎಲಿಮೆಂಟ್) ಹುಡುಕುವ 'ಫೈಂಡ್ ಎಲಿಮೆಂಟ್ ಬೈ ಐಡಿ', 'ಬೈ ಎಕ್ಸ್‌ಪಾತ್' ಎಂಬ ಹಳೆಯ ಮೆಥಡ್‌ಗಳನ್ನೆಲ್ಲ ಆ ಆವೃತ್ತಿಯಲ್ಲಿ ಕಿತ್ತುಹಾಕಿದ್ದರು. ಲೈಬ್ರರಿಯ ವರ್ಷನ್ ಇಂಥದ್ದೇ ಇರಲಿ ಎಂದು ಕಟ್ಟಿಹಾಕದ ಪ್ರಾಜೆಕ್ಟ್‌ನಲ್ಲಿ ಹೊಸದು ತಾನಾಗಿಯೇ ಬಂದು ಕೂರುತ್ತದೆ. ಆಗ ನಿನ್ನೆವರೆಗೆ ಹಸಿರಾಗಿದ್ದ, ಅಂದರೆ ಪಾಸಾಗುತ್ತಿದ್ದ ಟೆಸ್ಟ್‌ಗಳು 'ಅಟ್ರಿಬ್ಯೂಟ್ ಎರರ್' ಎಂದು ಸಾಲಾಗಿ ಬೀಳುತ್ತವೆ. ಇದು ಹೇಳದೆ ಕೇಳದೆ ಬಂದದ್ದೇನಲ್ಲ. 2021ರ ಅಕ್ಟೋಬರ್‌ನಲ್ಲಿ ಬಂದ 4.0 ಆವೃತ್ತಿಯಿಂದಲೇ ಪ್ರತಿ ರನ್‌ನ ಲಾಗ್‌ನಲ್ಲೂ ಎಚ್ಚರಿಕೆ ಅಚ್ಚಾಗುತ್ತಿತ್ತು. ಎಂಟು ತಿಂಗಳು ಅದನ್ನು ಓದಿದವರಿಗೆ ಇದು ಅರ್ಧ ದಿನದ ಕೆಲಸವಾಗಿ ಮುಗಿಯಿತು.

ನಮ್ಮ ಕೆಲಸದಲ್ಲಿ ಇಂಥದ್ದು ಮತ್ತೆ ಮತ್ತೆ ಆಗುತ್ತದೆ. ಪರದೆ ಇಲ್ಲದೆ ಓಡುವ ಬ್ರೌಸರ್ ಫ್ಯಾಂಟಮ್‌ಜೆಎಸ್‌ನ ಅಭಿವೃದ್ಧಿ 2018ರಲ್ಲಿ ನಿಂತಿತು. ಆಂಗ್ಯುಲರ್ ಆ್ಯಪ್‌ಗಳ ಟೆಸ್ಟ್ ಸಾಧನ ಪ್ರೊಟ್ರಾಕ್ಟರ್ ಅನ್ನು ಕೈಬಿಡುವುದಾಗಿ ಆಂಗ್ಯುಲರ್ ತಂಡ 2021ರಲ್ಲಿ ತಿಳಿಸಿತು, 2023ರಲ್ಲಿ ಅದೂ ಮುಗಿಯಿತು. ಕ್ಯೂಟಿಪಿ ಎಂದು ಶುರುವಾಗಿ ಯುಎಫ್‌ಟಿ ಆದ ಸಾಧನ ಮರ್ಕ್ಯುರಿಯಿಂದ ಎಚ್‌ಪಿಗೆ, ಅಲ್ಲಿಂದ ಮೈಕ್ರೋ ಫೋಕಸ್‌ಗೆ, 2023ರಲ್ಲಿ ಓಪನ್‌ಟೆಕ್ಸ್ಟ್‌ಗೆ ಕೈ ಬದಲಾಯಿಸಿತು. ಅದರ ಸ್ಕ್ರಿಪ್ಟ್ ಭಾಷೆಯಾದ ವಿಬಿಸ್ಕ್ರಿಪ್ಟ್ ಅನ್ನು ವಿಂಡೋಸ್‌ನಿಂದ ಹಂತ ಹಂತವಾಗಿ ತೆಗೆಯುವುದಾಗಿ ಮೈಕ್ರೋಸಾಫ್ಟ್ ಅದೇ ವರ್ಷ ಪ್ರಕಟಿಸಿತು. ಒಂದೇ ಸಾಧನದ ಹೆಸರಿನ ಮೇಲೆ ಹತ್ತು ವರ್ಷದ ಅನುಭವ ಕಟ್ಟಿಕೊಂಡವರಿಗೆ ಇದು ಚಿಕ್ಕ ಸುದ್ದಿಯಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು.

ಹಾಗಂತ ಹೊಸದಾಗಿ ಬಂದ ಪ್ರತಿ ಸಾಧನದ ಹಿಂದೆ ಓಡಬೇಕಿಲ್ಲ. ಸಾಧನಗಳು ಹೋದರೂ ಅವುಗಳ ಅಡಿಯಲ್ಲಿರುವುದು ಹೋಗಿಲ್ಲ. ಬ್ರೌಸರ್ ಪುಟವನ್ನು ಹೇಗೆ ಕಟ್ಟುತ್ತದೆ, ಬ್ರೌಸರ್ ಮತ್ತು ಸರ್ವರ್ ಮಾತಾಡುವ ಎಚ್‌ಟಿಟಿಪಿ ಹೇಗೆ ಓಡಾಡುತ್ತದೆ, ಯಾವುದಕ್ಕೆ ಎಷ್ಟು ಹೊತ್ತು ಕಾಯಬೇಕು, ಒಂದು ಟೆಸ್ಟ್‌ನ ಡೇಟಾ ಇನ್ನೊಂದನ್ನು ಕೆಡಿಸದಂತೆ ಹೇಗೆ ಇಡಬೇಕು ಎನ್ನುವುದೆಲ್ಲ ಇವತ್ತೂ ಬೇಕು. ಇದನ್ನು ಕಲಿಯಲು ನಿಮ್ಮದೇ ಬಿದ್ದ ಟೆಸ್ಟ್‌ಗಳಿಗಿಂತ ಒಳ್ಳೆಯ ಪಾಠ ಇಲ್ಲ. ಈ ಮಾರ್ಗದರ್ಶಿ ಕೋರ್ಸ್‌ಗಳ ಪಟ್ಟಿ ಕೊಡುವುದಿಲ್ಲ. ವಾರಕ್ಕೆ 5 ಗಂಟೆ ಇಟ್ಟುಕೊಂಡು ಏನನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂದು ಹೇಳುತ್ತದೆ.

ಹಂತ 1: ಒಂದು ಹಾಳೆಯಲ್ಲಿ ನಿಮ್ಮ ಲೆಕ್ಕ

ಒಂದು ಹಾಳೆ ತೆಗೆದುಕೊಂಡು ಮೂರು ಕಂಬ ಎಳೆಯಿರಿ. ಮೊದಲನೆಯದರಲ್ಲಿ ಸಾಧನಗಳು: ಸೆಲೆನಿಯಮ್, ಪ್ಲೇರೈಟ್, ಅಪಿಯಮ್, ಪೋಸ್ಟ್‌ಮನ್, ಜೆಂಕಿನ್ಸ್, ನಿಮ್ಮ ಕೈಗೆ ಬಂದದ್ದೆಲ್ಲ. ಎರಡನೆಯದರಲ್ಲಿ ಭಾಷೆ ಮತ್ತು ಅದರ ಸುತ್ತಲಿನವು: ಜಾವಾ ಅಥವಾ ಪೈಥಾನ್ ಅಥವಾ ಟೈಪ್‌ಸ್ಕ್ರಿಪ್ಟ್, ಜೊತೆಗೆ ಗಿಟ್, ಎಸ್‌ಕ್ಯೂಎಲ್. ಮೂರನೆಯದು ಅಡಿಪಾಯ: ಡಾಮ್ (ಬ್ರೌಸರ್ ಪುಟವನ್ನು ಒಳಗೆ ಇಟ್ಟುಕೊಳ್ಳುವ ಮರದಂಥ ರಚನೆ), ಎಚ್‌ಟಿಟಿಪಿ, ಕುಕಿ ಮತ್ತು ಸೆಷನ್, ಟೆಸ್ಟ್ ವಿನ್ಯಾಸದ ತಂತ್ರಗಳು.

ಪ್ರತಿಯೊಂದರ ಮುಂದೆ 'ಗೊತ್ತು', 'ಗೊತ್ತಿಲ್ಲ' ಎಂದು ಬರೆಯಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. 'ನೋಡದೆ ಬರೆಯಬಲ್ಲೆ', 'ನೋಡಿಕೊಂಡು ಬರೆಯಬಲ್ಲೆ', 'ಬೇರೆಯವರು ಬರೆದದ್ದನ್ನು ಓಡಿಸಬಲ್ಲೆ' ಈ ಮೂರರಲ್ಲಿ ಒಂದನ್ನು ಹಾಕಿ. ನಾಲ್ಕೈದು ವರ್ಷ ಅನುಭವ ಇದ್ದವರ ಹಾಳೆಯಲ್ಲೂ ಮೊದಲ ಕಂಬ ತುಂಬಿ, ಮೂರನೆಯದರಲ್ಲಿ 'ಓಡಿಸಬಲ್ಲೆ' ಎಂಬುದೇ ಹೆಚ್ಚಿರುತ್ತದೆ. ಕಂಪನಿಯಲ್ಲಿ ಯಾರೋ ಕಟ್ಟಿಟ್ಟ ಫ್ರೇಮ್‌ವರ್ಕ್‌ಗೆ ಪೇಜ್ ಕ್ಲಾಸ್ (ಒಂದೊಂದು ಪುಟಕ್ಕೆ ಒಂದೊಂದು ಕೋಡ್ ತುಣುಕು) ಸೇರಿಸುವುದೇ ಕೆಲಸವಾದಾಗ ಹೀಗಾಗುತ್ತದೆ. ಫ್ರೇಮ್‌ವರ್ಕ್ ಒಳಗೆ ಬ್ರೌಸರ್ ಅನ್ನು ನಡೆಸುವ ಡ್ರೈವರ್ ಎಲ್ಲಿ ಹುಟ್ಟುತ್ತದೆ, ಎಲ್ಲಿ ಮುಚ್ಚುತ್ತದೆ ಎಂದು ನೋಡದೆಯೇ ವರ್ಷ ಕಳೆದುಬಿಡಬಹುದು. ಹಾಳೆಯ ಮೂರನೇ ಕಂಬದಲ್ಲಿ ದುರ್ಬಲವಾಗಿರುವುದೇ ನಿಮ್ಮ ಮೊದಲ ಎರಡು ತಿಂಗಳ ಕೆಲಸ.

ಹಂತ 2: ವಾರದ 5 ಗಂಟೆ

ಸೋಮವಾರದಿಂದ ಗುರುವಾರದವರೆಗೆ ದಿನಕ್ಕೆ ಅರ್ಧ ಗಂಟೆ, ಶನಿವಾರ 3 ಗಂಟೆ. ಅರ್ಧ ಗಂಟೆಯನ್ನು ಆಫೀಸಿನಲ್ಲಿ, ಮೊದಲ ಮೀಟಿಂಗ್‌ಗೆ ಮುಂಚೆ ಇಟ್ಟುಕೊಳ್ಳುವುದು ಒಳ್ಳೆಯದು. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ರಾತ್ರಿ ಮನೆ ಸೇರಿದ ಮೇಲೆ ಓದುತ್ತೇನೆ ಎಂದುಕೊಂಡರೆ ಅದು ಎರಡನೇ ವಾರ ದಾಟುವುದಿಲ್ಲ. ಚಿಕ್ಕ ಹೊತ್ತಿನಲ್ಲಿ ಓದುವ ಕೆಲಸ ಮಾಡಿ: ಲಾಗ್, ರಿಲೀಸ್ ನೋಟ್ಸ್ (ಹೊಸ ಆವೃತ್ತಿಯಲ್ಲಿ ಏನು ಬದಲಾಯಿತು ಎಂಬ ಟಿಪ್ಪಣಿ), ಇನ್ನೊಬ್ಬರ ಕೋಡ್. ಬರೆಯುವ ಕೆಲಸಕ್ಕೆ ಶನಿವಾರವೇ ಬೇಕು, ಸೆಟಪ್ ಮಾಡಿಕೊಳ್ಳುವುದರಲ್ಲೇ ಅರ್ಧ ಗಂಟೆ ಕಳೆದುಹೋಗುತ್ತದೆ.

ವಿಡಿಯೊ ನೋಡಿದ ಹೊತ್ತನ್ನು ಈ 5 ಗಂಟೆಯಲ್ಲಿ ಸೇರಿಸಬೇಡಿ. ನೋಡಿ, ಬೇಡವೆನ್ನುವುದಿಲ್ಲ. ಆದರೆ ಕೈಯಲ್ಲಿ ಬರೆದು, ಅದು ಕೆಟ್ಟು, ಯಾಕೆ ಕೆಟ್ಟಿತು ಎಂದು ತಿಳಿದುಕೊಂಡ ಹೊತ್ತು ಮಾತ್ರ ಲೆಕ್ಕಕ್ಕೆ ಬರುತ್ತದೆ.

ಹಂತ 3: ಕಾಯುವುದನ್ನು ಕಲಿಯಿರಿ

ಅಡಿಪಾಯದಲ್ಲಿ ಮೊದಲು ಹಿಡಿಯಬೇಕಾದದ್ದು ವೇಯ್ಟ್, ಅಂದರೆ ಪುಟ ಸಿದ್ಧವಾಗುವವರೆಗೆ ಟೆಸ್ಟ್ ಕಾಯುವುದು. ಇದೊಂದು ಸರಿಯಾದರೆ ಅನೇಕ ತಂಡಗಳ ಅರ್ಧ ತಲೆನೋವು ಹೋಗುತ್ತದೆ.

ಅಭ್ಯಾಸಕ್ಕೆ ಹೆರೋಕು ಆ್ಯಪ್‌ನಲ್ಲಿರುವ 'ದಿ ಇಂಟರ್ನೆಟ್' ಎಂಬ ತಾಣದಲ್ಲಿ 'ಡೈನಮಿಕ್ ಲೋಡಿಂಗ್' ಪುಟ ತೆರೆಯಿರಿ. ಅಲ್ಲಿ ಎರಡು ಉದಾಹರಣೆಗಳಿವೆ. ಎರಡರಲ್ಲೂ 'ಸ್ಟಾರ್ಟ್' ಬಟನ್ ಒತ್ತಿದರೆ ಸುಮಾರು 5 ಸೆಕೆಂಡ್ ಲೋಡಿಂಗ್ ಪಟ್ಟಿ ಓಡಿ 'ಹಲೋ ವರ್ಲ್ಡ್' ಎಂಬ ಬರಹ ಕಾಣಿಸುತ್ತದೆ. ಕಣ್ಣಿಗೆ ಎರಡೂ ಒಂದೇ. ಆದರೆ ಮೊದಲನೆಯದರಲ್ಲಿ ಆ ಬರಹ ಶುರುವಿನಿಂದಲೇ ಡಾಮ್‌ನಲ್ಲಿ ಇದೆ, ಬರೀ ಮರೆಯಾಗಿದೆ. ಎರಡನೆಯದರಲ್ಲಿ ಅದು 5 ಸೆಕೆಂಡ್ ಆದ ಮೇಲೆಯೇ ಹುಟ್ಟುತ್ತದೆ.

ಈಗ ಸೆಲೆನಿಯಮ್‌ನಲ್ಲಿ ಹೀಗೆ ಮಾಡಿ. ಮೊದಲ ಉದಾಹರಣೆಯಲ್ಲಿ ಎಲಿಮೆಂಟ್ 'ಇದೆಯೇ' ಎಂಬ ಷರತ್ತಿನ ಮೇಲೆ, ಅಂದರೆ 'ಪ್ರೆಸೆನ್ಸ್ ಆಫ್ ಎಲಿಮೆಂಟ್' ಮೇಲೆ 10 ಸೆಕೆಂಡ್ ಕಾಯಲು ಬರೆಯಿರಿ. ಷರತ್ತು ತಕ್ಷಣ ಪಾಸಾಗುತ್ತದೆ. ಪಠ್ಯ ಓದಿದರೆ ಖಾಲಿ ಸ್ಟ್ರಿಂಗ್ ಬರುತ್ತದೆ, ಏಕೆಂದರೆ ಸೆಲೆನಿಯಮ್ ಕಣ್ಣಿಗೆ ಕಾಣುವ ಪಠ್ಯವನ್ನಷ್ಟೇ ಕೊಡುತ್ತದೆ. ಎಷ್ಟೋ ಜನ ಇಲ್ಲಿ 'ಲೊಕೇಟರ್ (ಎಲಿಮೆಂಟ್‌ನ ವಿಳಾಸ) ತಪ್ಪು' ಎಂದುಕೊಂಡು, ಆ ವಿಳಾಸ ಬರೆಯುವ ಎಕ್ಸ್‌ಪಾತ್ ತಿದ್ದುತ್ತಾ ಗಂಟೆ ಕಳೆಯುತ್ತಾರೆ. ಷರತ್ತನ್ನು 'ವಿಸಿಬಿಲಿಟಿ'ಗೆ, ಅಂದರೆ 'ಕಾಣುತ್ತಿದೆಯೇ' ಎಂಬುದಕ್ಕೆ ಬದಲಿಸಿ, ಎರಡೂ ಉದಾಹರಣೆಗಳು ಸರಿಹೋಗುತ್ತವೆ. ಆಮೇಲೆ ವೇಯ್ಟ್ ತೆಗೆದು 3 ಸೆಕೆಂಡಿನ ಸ್ಲೀಪ್ (ಷರತ್ತಿಲ್ಲದೆ ಅಷ್ಟು ಹೊತ್ತು ಸುಮ್ಮನೆ ನಿಲ್ಲುವುದು) ಹಾಕಿ, ಎರಡೂ ಬೀಳುತ್ತವೆ. 10 ಸೆಕೆಂಡಿನ ಸ್ಲೀಪ್ ಹಾಕಿದರೆ ಪಾಸಾಗುತ್ತವೆ, ಆದರೆ ಪ್ರತಿ ಸಲ 5 ಸೆಕೆಂಡ್ ದಂಡ. ಇಂಥ 200 ಸ್ಲೀಪ್ ಇರುವ ಟೆಸ್ಟ್ ಗುಂಪಿನಲ್ಲಿ, ಅಂದರೆ ಸೂಟ್‌ನಲ್ಲಿ 1,000 ಸೆಕೆಂಡ್, ಹತ್ತಿರ ಹತ್ತಿರ 17 ನಿಮಿಷ ಸುಮ್ಮನೆ ಹೋಯಿತು.

ಅದೇ ಪುಟದಲ್ಲಿ ಇನ್ನೊಂದು ಪ್ರಯೋಗ. ಇಂಪ್ಲಿಸಿಟ್ ವೇಯ್ಟ್ (ಪ್ರತಿ ಹುಡುಕಾಟಕ್ಕೂ ತಾನಾಗಿ ಅನ್ವಯಿಸುವುದು) 10 ಸೆಕೆಂಡ್, ಎಕ್ಸ್‌ಪ್ಲಿಸಿಟ್ ವೇಯ್ಟ್ (ಒಂದು ಷರತ್ತಿಗೆ ನೀವೇ ಬರೆಯುವುದು) 15 ಸೆಕೆಂಡ್ ಎರಡನ್ನೂ ಇಟ್ಟು, ಇಲ್ಲದ ಒಂದು ಎಲಿಮೆಂಟ್ ಹುಡುಕಿಸಿ. 15ಕ್ಕೆ ನಿಲ್ಲಬೇಕಾದದ್ದು ಸುಮಾರು 20ಕ್ಕೆ ನಿಲ್ಲುತ್ತದೆ. ಒಳಗಿನ ಪ್ರತಿ ಹುಡುಕಾಟವೂ 10 ಸೆಕೆಂಡ್ ಹಿಡಿದು ಕೂರುತ್ತದೆ. ಮೊದಲನೆಯದು ಮುಗಿದಾಗ ಇನ್ನೂ 15 ಆಗಿರುವುದಿಲ್ಲ, ಹಾಗಾಗಿ ಎರಡನೆಯದು ಶುರುವಾಗುತ್ತದೆ. ಎರಡನ್ನೂ ಬೆರೆಸಬೇಡಿ ಎಂದು ಸೆಲೆನಿಯಮ್‌ನ ಅಧಿಕೃತ ದಾಖಲೆಯೇ ಹೇಳುತ್ತದೆ. ಓದಿ ಮರೆಯುವ ಮಾತು ಅದು, ಗಡಿಯಾರ ಹಿಡಿದು ನೋಡಿದರೆ ಮರೆಯುವುದಿಲ್ಲ.

ಇದೇ ರೀತಿ ಒಂದೊಂದು ಶನಿವಾರ ಒಂದೊಂದು ವಿಷಯ: 'ಸ್ಟೇಲ್ ಎಲಿಮೆಂಟ್' ಯಾಕೆ ಬರುತ್ತದೆ (ಹಿಡಿದಿಟ್ಟ ನೋಡ್ ಅನ್ನು ರಿಯಾಕ್ಟ್ ಪುಟ ಬಿಸಾಡಿ ಹೊಸದನ್ನು ಕಟ್ಟಿರುತ್ತದೆ), ಐಫ್ರೇಮ್, ಹೊಸ ಟ್ಯಾಬ್, ಫೈಲ್ ಅಪ್‌ಲೋಡ್, ಶ್ಯಾಡೊ ಡಾಮ್.

ಹಂತ 4: ಬಿದ್ದ ಟೆಸ್ಟ್‌ಗಳ ದಿನಚರಿ

ಈ ಮಾರ್ಗದರ್ಶಿಯಲ್ಲಿ ಒಂದನ್ನು ಮಾತ್ರ ಮಾಡುತ್ತೀರಿ ಎಂದಾದರೆ ಇದನ್ನೇ ಮಾಡಿ.

ಒಂದು ಸ್ಪ್ರೆಡ್‌ಶೀಟ್, ಆರು ಅಂಕಣ: ದಿನಾಂಕ, ಟೆಸ್ಟ್ ಹೆಸರು, ಎರರ್‌ನ ಮೊದಲ ಸಾಲು ಇದ್ದಹಾಗೆ, ಕಾರಣದ ವರ್ಗ, ತಕ್ಷಣ ಮಾಡಿದ್ದು, ಖಾಯಂ ಪರಿಹಾರ. ವರ್ಗಗಳು ಆರೇ ಇರಲಿ: ನಿಜವಾದ ಬಗ್, ವೇಯ್ಟ್, ಲೊಕೇಟರ್, ಡೇಟಾ, ಎನ್ವಿರಾನ್‌ಮೆಂಟ್, ಟೆಸ್ಟ್‌ನಲ್ಲೇ ತಪ್ಪು. ಕಾರಣ ಗೊತ್ತಾಗದೆ 'ರೀರನ್‌ನಲ್ಲಿ ಪಾಸ್' ಎಂದು ಬರೆದರೆ ಆ ಸಾಲು ತೆರೆದೇ ಇರುತ್ತದೆ, ಮುಚ್ಚುವಂತಿಲ್ಲ.

ಒಂದು ಸಾಲನ್ನು ನೋಡೋಣ. ಎರರ್: 'ಎಲಿಮೆಂಟ್ ಕ್ಲಿಕ್ ಇಂಟರ್‌ಸೆಪ್ಟೆಡ್'. ಚೆಕ್‌ಔಟ್ ಬಟನ್ ಮೇಲೆ ಕುಕಿ ಒಪ್ಪಿಗೆಯ ಪಟ್ಟಿ ಬಂದು ಕೂತಿದೆ. ಹುಡುಕಿದರೆ ಮೊದಲು ಸಿಗುವ ಸಲಹೆ ಜಾವಾಸ್ಕ್ರಿಪ್ಟ್‌ನಿಂದ ಕ್ಲಿಕ್ ಮಾಡಿಸಿ ಎನ್ನುವುದು. ಟೆಸ್ಟ್ ಹಸಿರಾಗುತ್ತದೆ. ಆದರೆ ಚಿಕ್ಕ ಪರದೆಯ ಫೋನಿನಲ್ಲಿ ಆ ಪಟ್ಟಿ ಬಟನ್ ಅನ್ನು ಪೂರ್ತಿ ಮುಚ್ಚಿದ್ದರೆ ಗ್ರಾಹಕನಿಗೆ ಒತ್ತಲು ಆಗುವುದೇ ಇಲ್ಲ. ಟೆಸ್ಟ್ ಕಂಡುಹಿಡಿದ ಬಗ್ ಅನ್ನು ಟೆಸ್ಟರೇ ಮುಚ್ಚಿಟ್ಟಂತಾಯಿತು. ಸರಿಯಾದ ದಾರಿ: ಪಟ್ಟಿ ಯಾವುದಾದರೂ ಅಳತೆಯ ಪರದೆಯಲ್ಲಿ ಬಟನ್ ಅನ್ನು ಪೂರ್ತಿ ಮುಚ್ಚುತ್ತದೆಯೇ ಎಂದು ಕೈಯಲ್ಲಿ ನೋಡಿ, ಮುಚ್ಚಿದರೆ ಬಗ್ ಹಾಕಿ. ಇಲ್ಲದಿದ್ದರೆ ಟೆಸ್ಟ್‌ನಲ್ಲಿ ಬಳಕೆದಾರ ಮಾಡುವಂತೆಯೇ ಮೊದಲು ಪಟ್ಟಿಯನ್ನು ಒಪ್ಪಿ ಮುಂದೆ ಹೋಗಿ.

ತಿಂಗಳ ಕೊನೆಗೆ ವರ್ಗಗಳನ್ನು ಎಣಿಸಿ. ಹೆಚ್ಚು ಬಂದ ವರ್ಗ ಯಾವುದೋ ಅದೇ ಮುಂದಿನ ತಿಂಗಳ ಪಾಠ. ಡೇಟಾ ಎಂದು ಹೆಚ್ಚು ಬಂದರೆ ಪ್ಲೇರೈಟ್ ಕೋರ್ಸ್ ತೆಗೆದುಕೊಂಡು ಪ್ರಯೋಜನವಿಲ್ಲ. ಪ್ರತಿ ಟೆಸ್ಟ್ ತನ್ನ ಬಳಕೆದಾರನನ್ನು ತಾನೇ ಎಪಿಐ (ಪರದೆ ಇಲ್ಲದೆ ಪ್ರೋಗ್ರಾಂಗಳು ನೇರ ಮಾತಾಡುವ ದಾರಿ) ಮೂಲಕ ಹುಟ್ಟಿಸಿಕೊಳ್ಳುವುದನ್ನು ಕಲಿಯಬೇಕು.

ಈ ದಿನಚರಿ ಯಾಕೆ ಇಷ್ಟು ಮುಖ್ಯ ಎನ್ನುವುದಕ್ಕೆ ಒಂದು ಲೆಕ್ಕ. ಒಂದೊಂದು ಟೆಸ್ಟ್ 99.5% ನಂಬಿಕಸ್ಥ ಎಂದಿಟ್ಟುಕೊಳ್ಳಿ, ಕೇಳಲು ಚೆನ್ನಾಗಿದೆ. ಅಂಥ 300 ಟೆಸ್ಟ್ ಇರುವ ಸೂಟ್ ಪೂರ್ತಿ ಹಸಿರಾಗುವ ಸಾಧ್ಯತೆ ಸುಮಾರು 22% ಮಾತ್ರ. ಆ್ಯಪ್‌ನಲ್ಲಿ ಒಂದೂ ಬಗ್ ಇಲ್ಲದಿದ್ದರೂ ಹತ್ತು ದಿನದಲ್ಲಿ ಎಂಟು ದಿನ ಕೆಂಪು. ಆಮೇಲೆ ಡೆವಲಪರ್‌ಗಳು ಕೆಂಪನ್ನು ನೋಡುವುದನ್ನೇ ಬಿಡುತ್ತಾರೆ, ಅಲ್ಲಿಗೆ ಆಟೊಮೇಷನ್ ಇದ್ದೂ ಇಲ್ಲದಂತೆ. ಗೂಗಲ್ 2016ರಲ್ಲಿ ಹಂಚಿಕೊಂಡ ಮಾಹಿತಿಯಂತೆ ಅವರ ಟೆಸ್ಟ್‌ಗಳಲ್ಲಿ ಸುಮಾರು 16% ಯಾವುದೋ ಮಟ್ಟಿಗೆ ಫ್ಲೇಕಿ (ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸ್, ಒಮ್ಮೆ ಫೇಲ್) ಆಗಿದ್ದವು. ಅಷ್ಟು ದೊಡ್ಡವರಿಗೂ ಬಿಡದ ಕಾಟ ಇದು. ಇದನ್ನು ಬಿಡಿಸಬಲ್ಲವರಿಗೆ ಬೆಲೆ ಇದ್ದೇ ಇರುತ್ತದೆ.

ಹಂತ 5: ರಿಲೀಸ್ ನೋಟ್ಸ್ ಓದುವ ಅಭ್ಯಾಸ

ತಿಂಗಳಿಗೊಂದು ಸಲ, ಒಂದು ಅರ್ಧ ಗಂಟೆ. ನೀವು ಬಳಸುವ ಲೈಬ್ರರಿ, ಅದರ ಭಾಷೆ, ಬ್ರೌಸರ್, ಈ ಮೂರಕ್ಕೆ ಮಾತ್ರ. ಎಲ್ಲ ಓದಬೇಡಿ. 'ಬ್ರೇಕಿಂಗ್', 'ಡೆಪ್ರಿಕೇಟೆಡ್', 'ರಿಮೂವ್ಡ್' ಎಂಬ ಮೂರು ಪದಗಳನ್ನು ಹುಡುಕಿ, ಆ ಸಾಲುಗಳನ್ನಷ್ಟೇ ನಿಮ್ಮ ಕೋಡ್ ಜೊತೆ ಹೋಲಿಸಿ.

ನಂತರ ಮುಖ್ಯ ಬ್ರಾಂಚ್‌ನಲ್ಲಿ ವರ್ಷನ್ ಕಟ್ಟಿಹಾಕಿಯೇ ಇಡಿ, ಬೇರೆ ಬ್ರಾಂಚ್‌ನಲ್ಲಿ ಹೊಸದನ್ನು ಹಾಕಿ ಸೂಟ್ ಓಡಿಸಿ. ಲಾಗ್‌ನಲ್ಲಿ ಬರುವ ಎಚ್ಚರಿಕೆಗಳನ್ನು ಎಣಿಸಿ ಬರೆದಿಡಿ. ಸೊನ್ನೆಗೆ ತರುವುದು ಗುರಿ. ಒಮ್ಮೆಗೆ ಒಂದೇ ಲೈಬ್ರರಿ ಏರಿಸಿ. ಜಾವಾ, ಸೆಲೆನಿಯಮ್, ಟೆಸ್ಟ್‌ಎನ್‌ಜಿ ಮೂರನ್ನೂ ಒಟ್ಟಿಗೆ ಏರಿಸಿ ಟೆಸ್ಟ್ ಬಿದ್ದರೆ ಯಾವುದರಿಂದ ಬಿತ್ತು ಎಂದು ಹೇಳಲಾಗುವುದಿಲ್ಲ.

2023ರ ಕ್ರೋಮ್‌ಡ್ರೈವರ್ ಪ್ರಸಂಗ ನೆನಪಿಡುವಂಥದ್ದು. ಕ್ರೋಮ್ 115ರಿಂದ ಡ್ರೈವರ್ ಡೌನ್‌ಲೋಡ್ ಮಾಡುವ ಜಾಗವೇ ಬದಲಾಯಿತು. ಹಳೆಯ ವಿಳಾಸದಿಂದ ಇಳಿಸುವ ಸ್ಕ್ರಿಪ್ಟ್‌ಗಳು 114ರಲ್ಲೇ ನಿಂತವು, ಬ್ರೌಸರ್ ಮಾತ್ರ ಮುಂದೆ ಹೋಯಿತು, 'ಸೆಷನ್ ನಾಟ್ ಕ್ರಿಯೇಟೆಡ್' ಎಂಬ ಎರರ್ ಬಂತು. ಡ್ರೈವರ್ ಅನ್ನು ತಾನೇ ಹುಡುಕಿ ತರುವ 'ಸೆಲೆನಿಯಮ್ ಮ್ಯಾನೇಜರ್' 2022ರ ನವೆಂಬರ್‌ನ 4.6 ಆವೃತ್ತಿಯಲ್ಲೇ ಬಂದಿತ್ತು. ಅದನ್ನು ಓದಿ, ಲೈಬ್ರರಿಯನ್ನು ಕಾಲಕಾಲಕ್ಕೆ ಏರಿಸುತ್ತಾ ಬಂದವರು ಕೈಯಿಂದ ಡ್ರೈವರ್ ಇಳಿಸುವ ಕೆಲಸವನ್ನೇ ಮರೆತರು.

ಹಂತ 6: ಎಪಿಐ, ಆದರೆ ಸ್ಟೇಟಸ್ ಕೋಡ್ ದಾಟಿ

ಯುಐ, ಅಂದರೆ ಪರದೆಯ ಟೆಸ್ಟ್ ಮಾತ್ರ ಗೊತ್ತಿದ್ದರೆ ಇಂದು ಸಾಲದು. 'ರೆಸ್ಟ್‌ಫುಲ್ ಬುಕರ್' ಎಂಬ ಉಚಿತ ಅಭ್ಯಾಸದ ಎಪಿಐ ಇದೆ, ಹೋಟೆಲ್ ಬುಕಿಂಗ್ ಮಾದರಿಯದು, ಬೇಕೆಂದೇ ತಪ್ಪುಗಳನ್ನು ಇಟ್ಟು ಮಾಡಿದ್ದು. ಅದರ ಟೋಕನ್ ಕೊಡುವ ವಿಳಾಸಕ್ಕೆ ತಪ್ಪು ಪಾಸ್‌ವರ್ಡ್ ಕಳಿಸಿ ನೋಡಿ. ಸ್ಟೇಟಸ್ 200, ಅಂದರೆ 'ಸರಿ' ಎಂದೇ ಬರುತ್ತದೆ, ಒಳಗಿನ ಉತ್ತರದಲ್ಲಿ ಮಾತ್ರ 'ಬ್ಯಾಡ್ ಕ್ರೆಡೆನ್ಶಿಯಲ್ಸ್' ಎಂದಿರುತ್ತದೆ. ಸ್ಟೇಟಸ್ 200 ಬಂದರೆ ಪಾಸ್ ಎಂದು ಬರೆದ ಟೆಸ್ಟ್ ಇಲ್ಲಿ ಸುಳ್ಳು ಹೇಳುತ್ತದೆ. ಬುಕಿಂಗ್ ಅಳಿಸಿದರೆ 200 ಅಥವಾ 204 ಬದಲು 201, ಅಂದರೆ 'ಹೊಸದು ಹುಟ್ಟಿತು' ಎಂಬ ಸಂಕೇತ ಬರುತ್ತದೆ.

ಮೂರು ಶನಿವಾರ ಇದಕ್ಕೆ ಕೊಡಿ. ಮೊದಲನೆಯದರಲ್ಲಿ ಬುಕಿಂಗ್ ಮಾಡಿ, ಓದಿ, ತಿದ್ದಿ, ಅಳಿಸಿ, ಅಳಿಸಿದ ಮೇಲೆ ನಿಜವಾಗಿಯೂ ಇಲ್ಲವೇ ಎಂದು ಮತ್ತೆ ಕೇಳಿ. ಎರಡನೆಯದರಲ್ಲಿ ತಪ್ಪು ಇನ್‌ಪುಟ್: ಚೆಕ್‌ಔಟ್ ದಿನಾಂಕ ಚೆಕ್‌ಇನ್‌ಗಿಂತ ಹಿಂದೆ, ಬೆಲೆ ಋಣ ಸಂಖ್ಯೆ, ಹೆಸರು ಖಾಲಿ. ಮೂರನೆಯದರಲ್ಲಿ ಉತ್ತರದ ಆಕಾರವನ್ನೇ ಸ್ಕೀಮಾ ಇಟ್ಟು ಪರೀಕ್ಷಿಸಿ. ಪೋಸ್ಟ್‌ಮನ್‌ನಲ್ಲಿ ಮುಟ್ಟಿ ನೋಡುವುದು ಸರಿ, ಆದರೆ ಟೆಸ್ಟ್‌ಗಳನ್ನು ನಿಮ್ಮ ಭಾಷೆಯ ಕೋಡ್‌ನಲ್ಲೇ ಬರೆಯಿರಿ.

ಹಂತ 7: ಎರಡನೇ ಸಾಧನ, ಹತ್ತೇ ಟೆಸ್ಟ್

ಸೆಲೆನಿಯಮ್ ಚೆನ್ನಾಗಿ ಬಂದ ಮೇಲೆ ಪ್ಲೇರೈಟ್ ಹಿಡಿಯಿರಿ. ಮೈಕ್ರೋಸಾಫ್ಟ್ ಇದನ್ನು ಬಿಡುಗಡೆ ಮಾಡಿದ್ದು 2020ರ ಜನವರಿಯಲ್ಲಿ. ಇಡೀ ಸೂಟ್ ಬದಲಾಯಿಸುವ ಯೋಚನೆ ಬೇಡ. ಹತ್ತು ಟೆಸ್ಟ್ ಆರಿಸಿ: ಲಾಗಿನ್, ಫೈಲ್ ಅಪ್‌ಲೋಡ್, ಡೌನ್‌ಲೋಡ್, ಐಫ್ರೇಮ್, ಹೊಸ ಟ್ಯಾಬ್, ದಿನಾಂಕ ಆರಿಸುವುದು, ಟೇಬಲ್‌ನಲ್ಲಿ ಸಾಲು ಹುಡುಕುವುದು, ಎಳೆದು ಬಿಡುವುದು, ಎಪಿಐ ಜೊತೆ ಬೆರೆತದ್ದು ಒಂದು, ನಿಮಗೆ ಅತಿ ಹೆಚ್ಚು ಕಾಟ ಕೊಟ್ಟ ಫ್ಲೇಕಿ ಒಂದು.

ಬರೆಯುವಾಗ ಹಳೆಯ ಚಾಳಿ ಕೂಡ ಜೊತೆಗೆ ಬರುತ್ತದೆ. ಕ್ಲಿಕ್ ಮುಂಚೆ ವೇಯ್ಟ್ ಹಾಕುವುದು ಅವುಗಳಲ್ಲಿ ಮೊದಲನೆಯದು. ಪ್ಲೇರೈಟ್ ಕ್ಲಿಕ್ ಮಾಡುವ ಮುನ್ನ ಎಲಿಮೆಂಟ್ ಕಾಣುತ್ತಿದೆಯೇ, ಅಲುಗದೆ ನಿಂತಿದೆಯೇ, ಮೇಲೆ ಏನೂ ಮುಚ್ಚಿಲ್ಲವೇ, ಒತ್ತಲು ಸಿದ್ಧವಿದೆಯೇ ಎಂದು ತಾನೇ ನೋಡುತ್ತದೆ. ಎರಡನೆಯದು ಉದ್ದುದ್ದ ಎಕ್ಸ್‌ಪಾತ್. ಬದಲು 'ಗೆಟ್ ಬೈ ರೋಲ್', 'ಗೆಟ್ ಬೈ ಲೇಬಲ್' ಬಳಸಿ. ರೋಲ್‌ನಿಂದ ಬಟನ್ ಸಿಗಲಿಲ್ಲ ಎಂದರೆ ಆ ಪುಟ ಸ್ಕ್ರೀನ್ ರೀಡರ್ ಬಳಸುವವರಿಗೂ ಸರಿಯಾಗಿ ಸಿಗುತ್ತಿಲ್ಲ ಎಂಬ ಸುಳಿವು ಅದು. ಹೇಳಿ, ಬಗ್ ಹಾಕಿ.

ಇಲ್ಲೂ ಆ 'ಡೈನಮಿಕ್ ಲೋಡಿಂಗ್' ಪುಟಕ್ಕೆ ಒಮ್ಮೆ ಹೋಗಿ. ಪ್ಲೇರೈಟ್‌ನ 'ಎಕ್ಸ್‌ಪೆಕ್ಟ್' ಸಾಮಾನ್ಯವಾಗಿ 5 ಸೆಕೆಂಡ್ ಕಾಯುತ್ತದೆ, ಪುಟವೂ ಸುಮಾರು ಅಷ್ಟೇ ತೆಗೆದುಕೊಳ್ಳುತ್ತದೆ. ಹಾಗಾಗಿ ಟೆಸ್ಟ್ ಕೂದಲೆಳೆಯಲ್ಲಿ ಬೀಳಬಹುದು. ಸ್ವಯಂ ಕಾಯುವಿಕೆ ಇದ್ದರೂ ಎಷ್ಟು ಹೊತ್ತು ಎಂಬುದನ್ನು ನೀವೇ ಯೋಚಿಸಬೇಕು. ಬಿದ್ದಾಗ ಟ್ರೇಸ್ ವ್ಯೂಅರ್ ತೆರೆದು ಪ್ರತಿ ಹೆಜ್ಜೆಯ ಪುಟವನ್ನು ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಹಂತ 8: ಪೈಪ್‌ಲೈನ್‌ನಲ್ಲಿ ಓಡಿಸಿ

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಓಡುವ ಟೆಸ್ಟ್ ಅರ್ಧ ಬರೆದ ಟೆಸ್ಟ್. ಪೈಪ್‌ಲೈನ್ ಎಂದರೆ ಟೆಸ್ಟ್‌ಗಳನ್ನು ಬೇರೆ ಯಂತ್ರದಲ್ಲಿ ತಾನಾಗಿ ಓಡಿಸುವ ವ್ಯವಸ್ಥೆ. ಗಿಟ್‌ಹಬ್ ಆ್ಯಕ್ಷನ್ಸ್ ಅಂಥದ್ದು. ಅಲ್ಲಿ ಸಾರ್ವಜನಿಕ ರೆಪೊಗೆ (ಕೋಡ್ ಇಡುವ ಜಾಗ) ಸಾಮಾನ್ಯ ಯಂತ್ರಗಳು ಉಚಿತ, ಅದು ಸಾಕು.

ಇಲ್ಲಿ ನಮ್ಮ ದೇಶದವರಿಗೆ ಖಂಡಿತ ಸಿಗುವ ಒಂದು ಗುಂಡಿ ಸಮಯ. ಅಲ್ಲಿನ ಯಂತ್ರದ ಗಡಿಯಾರ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದೆ), ವೇಳಾಪಟ್ಟಿಯೂ ಮಾಮೂಲಿಯಾಗಿ ಯುಟಿಸಿಯಲ್ಲೇ. ನಮ್ಮ ರಾತ್ರಿ 2 ಗಂಟೆಗೆ ಓಡಬೇಕೆಂದರೆ ಹಿಂದಿನ ದಿನದ 20:30 ಎಂದು ಬರೆಯಬೇಕು. ಅದಕ್ಕಿಂತ ಕಷ್ಟದ್ದು ದಿನಾಂಕ. ನಮ್ಮಲ್ಲಿ ಮಧ್ಯರಾತ್ರಿಯಿಂದ ಬೆಳಗ್ಗೆ 5:30ರವರೆಗೆ ಆ ಯಂತ್ರಕ್ಕೆ ಇನ್ನೂ ನಿನ್ನೆಯೇ. 'ಇಂದಿನ ದಿನಾಂಕ ಕಾಣಬೇಕು' ಎಂಬ ಟೆಸ್ಟ್ ಹಗಲು ಓಡಿಸಿದರೆ ಪಾಸ್, ರಾತ್ರಿ ಓಡಿದರೆ ಫೇಲ್. ಬ್ರೌಸರ್‌ನ ಟೈಮ್‌ಝೋನ್ ಅನ್ನು ಏಷ್ಯಾ ಕೋಲ್ಕತಾ ಎಂದು ಕಾನ್ಫಿಗ್‌ನಲ್ಲಿ ಗಟ್ಟಿ ಮಾಡಿ, ನಿರೀಕ್ಷಿತ ದಿನಾಂಕವನ್ನೂ ಅದೇ ಟೈಮ್‌ಝೋನ್‌ನಲ್ಲಿ ಲೆಕ್ಕ ಹಾಕಿ. ಒಂದನ್ನು ಮಾತ್ರ ಬದಲಿಸಿದರೆ ತಪ್ಪು ಹಾಗೆಯೇ ಉಳಿಯುತ್ತದೆ.

ಸ್ಕ್ರೀನ್‌ಶಾಟ್ ಮತ್ತು ವರದಿಯನ್ನು ಆರ್ಟಿಫ್ಯಾಕ್ಟ್ (ರನ್ ಮುಗಿದ ಮೇಲೂ ಸಿಗುವ ಫೈಲ್) ಆಗಿ ಉಳಿಸಿ. ಸಾರ್ವಜನಿಕ ರೆಪೊದಲ್ಲಿ 60 ದಿನ ಚಟುವಟಿಕೆ ಇಲ್ಲದಿದ್ದರೆ ವೇಳಾಪಟ್ಟಿಯ ರನ್ ತಾನಾಗಿಯೇ ನಿಲ್ಲುತ್ತದೆ ಎಂಬುದೂ ಗೊತ್ತಿರಲಿ.

ಹಂತ 9: ಕನ್ನಡ ಬಲ್ಲ ಟೆಸ್ಟರ್‌ಗೆ ಇರುವ ಹೆಚ್ಚುಗಾರಿಕೆ

ಬ್ಯಾಂಕ್, ಸರ್ಕಾರಿ ಸೇವೆ, ಅಂಗಡಿ ಆ್ಯಪ್, ಎಲ್ಲೆಡೆ ಕನ್ನಡದ ಪರದೆಗಳು ಬರುತ್ತಿವೆ. ಅವನ್ನು ಪರೀಕ್ಷಿಸುವ ತಿಳಿವಳಿಕೆ ಇರುವವರು ಕಡಿಮೆ. ಇದನ್ನು ನಿಮ್ಮ ವಿಶೇಷವಾಗಿ ಬೆಳೆಸಿಕೊಳ್ಳಬಹುದು.

'ಕೊ' ಎಂಬ ಅಕ್ಷರವನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಅದನ್ನು ಕ ಮತ್ತು ಒ-ಕಾರದ ಚಿಹ್ನೆ ಎಂದು ಎರಡು ಸಂಕೇತಗಳಲ್ಲೂ ಬರೆಯಬಹುದು, ಕ, ಎ-ಕಾರ, ಊ-ಕಾರ ಎಂದು ಮೂರರಲ್ಲೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ. 'ಕೊಪ್ಪಳ' ಎಂದು ಹುಡುಕಿದರೆ ಡೇಟಾಬೇಸ್‌ನಲ್ಲಿರುವ ಕೊಪ್ಪಳ ಸಿಗದೇ ಇರುವುದು ಹೀಗೆ. ಹೋಲಿಸುವ ಮುನ್ನ ಎರಡನ್ನೂ ಎನ್‌ಎಫ್‌ಸಿ ಎಂಬ ಒಂದೇ ಪ್ರಮಾಣಿತ ರೂಪಕ್ಕೆ ತನ್ನಿ. ಜಾವಾದಲ್ಲಿ 'ನಾರ್ಮಲೈಝರ್', ಪೈಥಾನ್‌ನಲ್ಲಿ 'ಯೂನಿಕೋಡ್‌ಡೇಟಾ' ಇದೆ. ಆದರೆ ಎಚ್ಚರ: ಟೆಸ್ಟ್‌ನಲ್ಲಿ ಸರಿಮಾಡಿ ಪಾಸ್ ಮಾಡಿಸಿ ಸುಮ್ಮನಾಗಬೇಡಿ. ಆ್ಯಪ್‌ನ ಹುಡುಕಾಟಕ್ಕೆ ಎರಡೂ ರೂಪ ಕೊಟ್ಟು ಒಂದೇ ಫಲಿತಾಂಶ ಬರುತ್ತದೆಯೇ ಎಂಬುದೇ ಒಂದು ಟೆಸ್ಟ್ ಆಗಬೇಕು.

ಉದ್ದದ ಮಿತಿಯೂ ಹಾಗೆಯೇ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಡೇಟಾಬೇಸ್ ಅಂಕಣದ ಮಿತಿ 100 ಬೈಟ್ ಎಂದಿದ್ದರೆ ಹಿಡಿಸುವುದು 33 ಸಂಕೇತ, ಅಕ್ಷರಗಳ ಲೆಕ್ಕದಲ್ಲಿ ಇನ್ನೂ ಕಡಿಮೆ. ಎಸ್‌ಎಂಎಸ್ ಇಂಗ್ಲಿಷ್‌ನಲ್ಲಿ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70ಕ್ಕೆ ಮುಗಿಯುತ್ತದೆ, ಉದ್ದದ ಓಟಿಪಿ ಸಂದೇಶ ಎರಡಾಗುತ್ತದೆ. ಇನ್ನು ಪೈಪ್‌ಲೈನ್‌ನ ಲಿನಕ್ಸ್ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಸ್ಕ್ರೀನ್‌ಶಾಟ್ ತುಂಬ ಖಾಲಿ ಚೌಕಗಳು. ನೋಟೊ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಹಾಕಿಕೊಂಡೇ ಸ್ಕ್ರೀನ್‌ಶಾಟ್ ಹೋಲಿಸುವ ವಿಶುವಲ್ ಟೆಸ್ಟ್ ಶುರು ಮಾಡಿ.

ಹಂತ 10: ಎಐ ಬರೆದ ಟೆಸ್ಟ್‌ಗಳನ್ನು ಒರೆಗೆ ಹಚ್ಚುವುದು

ಎಐ ಕೇಳಿದಷ್ಟು ಟೆಸ್ಟ್ ಬರೆದುಕೊಡುತ್ತದೆ. ಬೇಡ ಎನ್ನುವುದು ಬುದ್ಧಿವಂತಿಕೆಯಲ್ಲ, ಓದದೆ ಸೇರಿಸುವುದು ಇನ್ನೂ ಅಪಾಯ. ಅದು ಸಾಮಾನ್ಯವಾಗಿ ಮಾಡುವ ತಪ್ಪು ಒಂದಿದೆ: ಪುಟ ಈಗ ಏನು ತೋರಿಸುತ್ತಿದೆಯೋ ಅದನ್ನೇ ಸರಿ ಎಂದು ಬರೆದುಬಿಡುತ್ತದೆ. ತೆರಿಗೆ ತಪ್ಪಾಗಿ ಲೆಕ್ಕವಾಗಿದ್ದರೆ ಆ ತಪ್ಪು ಮೊತ್ತವೇ ನಿರೀಕ್ಷಿತ ಉತ್ತರವಾಗುತ್ತದೆ. ಎಲ್ಲವನ್ನೂ ಎರರ್ ನುಂಗುವ ಟ್ರೈ-ಕ್ಯಾಚ್‌ನಲ್ಲಿ ಸುತ್ತಿ ಬೀಳದಂತೆ ಮಾಡುವುದೂ ಉಂಟು.

ಹೀಗೆ ಮಾಡಿ. ಏನನ್ನು ಪರೀಕ್ಷಿಸಬೇಕು ಎಂಬ ಪಟ್ಟಿಯನ್ನು ಅಗತ್ಯದ ದಾಖಲೆ ನೋಡಿ ನೀವೇ ಬರೆಯಿರಿ, ಕೋಡ್ ಅದು ಬರೆಯಲಿ. ಪ್ರತಿ ಅಸರ್ಶನ್ (ನಿರೀಕ್ಷಿತ ಉತ್ತರ ಬಂತೇ ಎಂದು ನೋಡುವ ಸಾಲು) ಓದಿ, ಆ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ. ಆಮೇಲೆ ಆ್ಯಪ್ ಅನ್ನು ಬೇಕೆಂದೇ ಕೆಡಿಸಿ: ಲೋಕಲ್ ಬಿಲ್ಡ್‌ನಲ್ಲಿ ಬೆಲೆ ಬದಲಿಸಿ, ಅಥವಾ ಪ್ಲೇರೈಟ್‌ನ 'ರೂಟ್' ಬಳಸಿ ಎಪಿಐ ಉತ್ತರವನ್ನು ತಿದ್ದಿ ಕಳಿಸಿ. ಆಗಲೂ ಹಸಿರಾಗಿರುವ ಟೆಸ್ಟ್ ಅನ್ನು ಇಟ್ಟುಕೊಳ್ಳಬೇಡಿ. ಕೊನೆಗೆ 60 ಸಲ ಓಡಿಸಿ. 20 ಸಲ ಸಾಲದು: ಇಪ್ಪತ್ತರಲ್ಲಿ ಒಮ್ಮೆ ಬೀಳುವ ಟೆಸ್ಟ್ 20 ಓಟವನ್ನೂ ಬೀಳದೆ ದಾಟಿಬಿಡುವ ಸಾಧ್ಯತೆ 36% ಇದೆ, 60 ಸಲ ಓಡಿಸಿದರೆ ಅದು 5%ಗಿಂತ ಕೆಳಗೆ ಇಳಿಯುತ್ತದೆ. ಕಂಪನಿ ಒಪ್ಪದ ಎಐ ಸೇವೆಗೆ ಗ್ರಾಹಕರ ಡೇಟಾ, ಒಳಗಿನ ಕೋಡ್ ಹಾಕಲೇಬೇಡಿ.

ಪ್ರಮಾಣಪತ್ರ, ಸಮಾವೇಶ

ಟೆಸ್ಟರ್‌ಗಳ ಅಂತರರಾಷ್ಟ್ರೀಯ ಪ್ರಮಾಣಪತ್ರವಾದ ಐಎಸ್‌ಟಿಕ್ಯೂಬಿ ಫೌಂಡೇಶನ್ ಪರೀಕ್ಷೆಯಲ್ಲಿ 40 ಪ್ರಶ್ನೆ, 60 ನಿಮಿಷ, ತೇರ್ಗಡೆಗೆ 26 ಅಂಕ. ಮಾತೃಭಾಷೆಯಲ್ಲದ ಭಾಷೆಯಲ್ಲಿ ಬರೆಯುವವರಿಗೆ 25% ಹೆಚ್ಚು ಸಮಯ ಸಿಗುತ್ತದೆ, ನೋಂದಣಿ ಮಾಡುವಾಗಲೇ ವಿಚಾರಿಸಿ. ಪಠ್ಯಕ್ರಮ ಉಚಿತವಾಗಿ ಸಿಗುತ್ತದೆ. ಬೌಂಡರಿ ವ್ಯಾಲ್ಯೂ, ಡಿಸಿಷನ್ ಟೇಬಲ್ ಭಾಗಗಳು ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಇದು ಕೋಡಿಂಗ್ ಕಲಿಸುವುದಿಲ್ಲ. ಸೆಲೆನಿಯಮ್ ಸಮಾವೇಶ 2014, 2016 ಮತ್ತು 2018ರಲ್ಲಿ ಬೆಂಗಳೂರಿನಲ್ಲೇ ನಡೆದಿತ್ತು, ಇಂಥ ಸಮಾವೇಶಗಳ ಉಪನ್ಯಾಸಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಫ್ಲೇಕಿ ಟೆಸ್ಟ್, ಗ್ರಿಡ್ (ಹಲವು ಯಂತ್ರಗಳಲ್ಲಿ ಒಟ್ಟಿಗೆ ಓಡಿಸುವುದು) ಕುರಿತ ಮಾತುಗಳಿಂದ ಶುರುಮಾಡಿ.

ಎಲ್ಲಿ ಕೆಡುತ್ತದೆ

ಮ್ಯಾನುಯಲ್ ಟೆಸ್ಟಿಂಗ್‌ನಿಂದ ಬರುವವರು ಭಾಷೆ ಗಟ್ಟಿಯಾಗುವ ಮೊದಲೇ ಫ್ರೇಮ್‌ವರ್ಕ್ ಕಟ್ಟಲು ಹೊರಡುತ್ತಾರೆ. ಕುಕುಂಬರ್, ಪೇಜ್ ಫ್ಯಾಕ್ಟರಿ, ಎಕ್ಸೆಲ್‌ನಿಂದ ಡೇಟಾ, ಮೂರು ಬಗೆಯ ವರದಿ ಎಲ್ಲ ಇರುತ್ತದೆ, ಒಳಗೆ ಟೆಸ್ಟ್ ನಾಲ್ಕು. ಮೊದಲು ಫ್ರೇಮ್‌ವರ್ಕ್ ಇಲ್ಲದೆ 20 ಟೆಸ್ಟ್ ಬರೆಯಿರಿ. ಒಂದೇ ಸಾಲನ್ನು ಮೂರನೇ ಸಲ ನಕಲು ಮಾಡುವಾಗ ಅದನ್ನು ಮೆಥಡ್ ಮಾಡಿ. ಫ್ರೇಮ್‌ವರ್ಕ್ ಹಾಗೆ ಬೆಳೆಯಲಿ.

ಇನ್ನು ಕೆಲವರು ಅಪ್ರೈಸಲ್ ಬಂದಾಗ, ಪ್ರಾಜೆಕ್ಟ್ ಇಲ್ಲದೆ ಬೆಂಚ್‌ಗೆ ಹಾಕಿದಾಗ ಪುಸ್ತಕ ತೆರೆಯುತ್ತಾರೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಎರಡು ವಾರದಲ್ಲಿ ಸಂದರ್ಶನದ ಪ್ರಶ್ನೆಗಳಿಗೆ ಉತ್ತರ ಬಾಯಿಪಾಠ ಆಗಬಹುದು, 'ಈ ಟೆಸ್ಟ್ ಯಾಕೆ ಬಿತ್ತು, ನೋಡಿ ಹೇಳಿ' ಎಂದು ಲಾಗ್ ಮುಂದಿಟ್ಟರೆ ಬಾಯಿಪಾಠ ನಿಲ್ಲುವುದಿಲ್ಲ. ಆರು ತಿಂಗಳ ದಿನಚರಿ ಇದ್ದವರು ಅಲ್ಲಿ ತಡವರಿಸುವುದಿಲ್ಲ.

ಕಲಿತದ್ದನ್ನು ತೋರಿಸುವ ರೆಪೊ

ಶನಿವಾರದ ಕೆಲಸವನ್ನೆಲ್ಲ ಒಂದೇ ಸಾರ್ವಜನಿಕ ರೆಪೊದಲ್ಲಿ ಇಡಿ. ರೀಡ್‌ಮಿಯಲ್ಲಿ ನಾಲ್ಕು ವಿಷಯ ಇರಲಿ: ಏನನ್ನು ಪರೀಕ್ಷಿಸುತ್ತದೆ, ಹೇಗೆ ಓಡಿಸಬೇಕು, ಒಟ್ಟು ಎಷ್ಟು ಹೊತ್ತು ಹಿಡಿಯುತ್ತದೆ, ಏನನ್ನು ಬೇಕೆಂದೇ ಬಿಟ್ಟಿದ್ದೀರಿ ಮತ್ತು ಯಾಕೆ. ಕೊನೆಯದನ್ನು ಬರೆಯುವವರು ಕಡಿಮೆ, ಸಂದರ್ಶಕರು ಮೊದಲು ಕೇಳುವುದು ಅದನ್ನೇ. ರೆಸ್ಯೂಮೆಯಲ್ಲೂ 'ಪ್ಲೇರೈಟ್ ಬಲ್ಲೆ' ಎನ್ನುವುದಕ್ಕಿಂತ 'ಸೂಟ್‌ನ ಸ್ಲೀಪ್‌ಗಳನ್ನು ತೆಗೆದು 48 ನಿಮಿಷದ ರನ್ ಅನ್ನು 31ಕ್ಕೆ ಇಳಿಸಿದೆ' ಎಂಬಂಥ ಸಾಲು ಬರೆಯಿರಿ. ಸಂಖ್ಯೆ ನಿಮ್ಮದೇ ಆಗಿರಲಿ, ನಿಜವಾಗಿರಲಿ.

ಕಂಪನಿಯ ಕೋಡ್, ಒಳಗಿನ ವಿಳಾಸ, ಗ್ರಾಹಕರ ಹೆಸರು ಒಂದೂ ಅಲ್ಲಿ ಹೋಗಬಾರದು. ಪಾಸ್‌ವರ್ಡ್‌ಗಳನ್ನು ಎನ್ವಿರಾನ್‌ಮೆಂಟ್ ವೇರಿಯೆಬಲ್‌ನಿಂದ ಓದಿಸಿ, ಪೈಪ್‌ಲೈನ್‌ನಲ್ಲಿ ಸೀಕ್ರೆಟ್ಸ್‌ನಲ್ಲಿ ಇಡಿ. ತಪ್ಪಿ ಒಂದು ಪಾಸ್‌ವರ್ಡ್ ಕಮಿಟ್ ಆಗಿಬಿಟ್ಟರೆ ಫೈಲ್ ಅಳಿಸಿದರೆ ಸಾಲದು, ಗಿಟ್‌ನ ಹಳೆಯ ಕಮಿಟ್‌ನಲ್ಲಿ ಅದು ಹಾಗೆಯೇ ಕೂತಿರುತ್ತದೆ. ಮೊದಲು ಪಾಸ್‌ವರ್ಡ್ ಬದಲಿಸಿ, ನಂತರ ಹಿಸ್ಟರಿ ಶುಚಿ ಮಾಡಿ.